ಟೋಕಿಯೋ ಡಿಸ್ನಿಸೀ ಹಡಗಿನಲ್ಲಿ ರೂಸ್‌ವೆಲ್ಟ್‌ಗೆ ಏನು ಕೆಲಸ?

ಅಲೆಮಾರಿ ಅಪ್ಪ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮನೆಯವರೆಲ್ಲ ಜಪಾನಿಗೆ ಹೋಗಿದ್ದೆವು. ಟೋಕಿಯೋ ಹತ್ತಿರದ ಡಿಸ್ನಿಸೀ ಥೀಮ್ ಪಾರ್ಕಿಗೆ ಒಂದು ದಿನ ಇಟ್ಟುಕೊಂಡಿದ್ದೆವು. ಬೆಳಿಗ್ಗೆಯಿಂದ ಕ್ಯೂನಲ್ಲಿ ನಿಂತು ಕಾಲು ಸೋತು, ಮಧ್ಯಾಹ್ನ ಪಾರ್ಕಿನ ಅಮೆರಿಕನ್ ವಾಟರ್‌ಫ್ರಂಟ್ ಎಂಬ ಭಾಗದ ಕಡೆ ಬಂದೆವು. ಅಲ್ಲಿ ಎಸ್‌ಎಸ್ ಕೊಲಂಬಿಯಾ ಅಂತ ದೊಡ್ಡ ಹಡಗು ನಿಂತಿದೆ. ಒಳಗೆ ಹೋದರೆ ಒಂದು ಬಾರ್. ಹೆಸರು ಟೆಡ್ಡಿ ರೂಸ್‌ವೆಲ್ಟ್ ಲಾಂಜ್. ಟೆಡ್ಡಿ ಅಂದರೆ 1901ರಿಂದ 1909ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್. ಮರದ ಗೋಡೆ, ಮಂದ ಬೆಳಕು, ಮೀಸೆ ಕನ್ನಡಕದ ಆ ಮನುಷ್ಯನ ಚಿತ್ರಗಳು, ಜೊತೆಗೆ ಟೆಡ್ಡಿ ಕರಡಿ.

ಅದಕ್ಕೆ ಸ್ವಲ್ಪ ಮುಂಚೆ ಟವರ್ ಆಫ್ ಟೆರರ್ ಎಂಬ ರೈಡ್‌ನಲ್ಲಿ ಕೂತು ಬಂದಿದ್ದೆವು. ಅದರ ಕಥೆ ಹ್ಯಾರಿಸನ್ ಹೈಟವರ್ ಅನ್ನೋ ಶ್ರೀಮಂತ ಸಾಹಸಿಯದ್ದು. ನನ್ನ 9 ವರ್ಷದ ಮಗಳು ಲಾಂಜಿನ ಗೋಡೆ ನೋಡಿ, "ಅಪ್ಪಾ, ಇವರು ಹೈಟವರ್ ಫ್ರೆಂಡಾ?" ಎಂದು ಕೇಳಿದಳು. ನಾನು ನಗಾಡಿ ಸುಮ್ಮನಾದೆ. ಆಮೇಲೆ ಯೋಚಿಸಿದರೆ ಪ್ರಶ್ನೆ ಸರಿಯಾಗೇ ಇದೆ. ಡಿಸ್ನಿಯವರ ಕಥೆಗಳಲ್ಲಿ ಸೊಸೈಟಿ ಆಫ್ ಎಕ್ಸ್‌ಪ್ಲೋರರ್ಸ್ ಅಂಡ್ ಅಡ್ವೆಂಚರರ್ಸ್ ಅಂತ ಒಂದು ಸಂಘ ಬರುತ್ತದಲ್ಲ, ಎಸ್‌ಇಎ ಅಂತಾರೆ. ರೂಸ್‌ವೆಲ್ಟ್ ಆ ಸಂಘದ ಸದಸ್ಯರಾ? ಅಮೆರಿಕದ ಅಧ್ಯಕ್ಷರ ಹೆಸರಿನ ಬಾರ್ ಜಪಾನಿನ ಪಾರ್ಕಿನಲ್ಲಿ ಯಾಕೆ? ಗೊತ್ತಿದ್ದವರು ಹೇಳಿ.

ಬಜ್ಜಿಬೋಂಡ
ಬಾರ್‌ಗೆ ಮಗಳನ್ನು ಕರ್ಕೊಂಡು ಹೋದಿರಾ? ಮನೆಯವರು ಏನೂ ಅನ್ನಲಿಲ್ವಾ?

ಅಲೆಮಾರಿ ಅಪ್ಪ
@ಬಜ್ಜಿಬೋಂಡ ಸ್ವಾಮಿ, ಅಲ್ಲಿ ಜ್ಯೂಸ್ ಕೂಡ ಕೊಡುತ್ತಾರೆ. ಕೂರೋದಕ್ಕೆ ಕುರ್ಚಿ ಸಿಕ್ಕಿದ್ದೇ ಪುಣ್ಯ. ಮನೆಯವರೇ ಮೊದಲು ಹೋಗಿ ಕೂತಿದ್ದು.

ಚಿಬಾ ಕನ್ನಡಿಗ
ನಾನು ಇಲ್ಲೇ ಚಿಬಾದಲ್ಲಿ ಇರೋದು. ಮೈಹಾಮ ಸ್ಟೇಷನ್ನಿಗೆ ರೈಲಿನಲ್ಲಿ ಸ್ವಲ್ಪ ದೂರ. ವಾರ್ಷಿಕ ಪಾಸ್ ಇದ್ದ ಕಾಲದಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಡಿಸ್ನಿಸೀ ಶುರುವಾಗಿದ್ದು 4 ಸೆಪ್ಟೆಂಬರ್ 2001. ನಡೆಸುವುದು ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ಎಸ್‌ಇಎ ಸಂಘದ ಕಥೆ ಹುಟ್ಟಿದ್ದೇ ಇಲ್ಲಿ. ಪಾರ್ಕಿನ ಇನ್ನೊಂದು ಭಾಗ ಮೆಡಿಟರೇನಿಯನ್ ಹಾರ್ಬರ್‌ನಲ್ಲಿ ಒಂದು ಕೋಟೆ ಇದೆ, ಅದೇ ಸಂಘದ ಮನೆ. ಅಮೆರಿಕನ್ ವಾಟರ್‌ಫ್ರಂಟ್ ಅಂದರೆ 20ನೇ ಶತಮಾನದ ಆರಂಭದ ನ್ಯೂಯಾರ್ಕ್. ಅಲ್ಲಿನ ಕಾಲ 1912 ಎಂದು ಇಟ್ಟುಕೊಳ್ಳಿ. ಕೊಲಂಬಿಯಾ ಹಡಗಿನ ಒಡೆಯ ಕೊರ್ನೇಲಿಯಸ್ ಎಂಡಿಕಾಟ್ ಅನ್ನೋ ಕಾಲ್ಪನಿಕ ಸಾಹುಕಾರ. ಅವನಿಗೂ ಹೈಟವರ್‌ಗೂ ಎಣ್ಣೆ ಸೀಗೆಕಾಯಿ. ಟವರ್ ಆಫ್ ಟೆರರ್ ಸೇರಿಕೊಂಡಿದ್ದು 2006ರಲ್ಲಿ. ಕಥೆ ಏನಪ್ಪ ಅಂದರೆ, ಹೈಟವರ್ ಲೋಕವೆಲ್ಲ ಸುತ್ತಿ ಊರೂರಿನ ಪವಿತ್ರ ವಸ್ತುಗಳನ್ನು ಹೊತ್ತು ತಂದು ತನ್ನ ಹೋಟೆಲಿನಲ್ಲಿ ತುಂಬಿಸಿದ. ಕೊನೆಗೆ ಕಾಂಗೋದಿಂದ ಶಿರಿಕಿ ಉಟುಂಡು ಎಂಬ ಮೂರ್ತಿ ತಂದ. 31 ಡಿಸೆಂಬರ್ 1899ರ ರಾತ್ರಿ ಪತ್ರಕರ್ತರ ಮುಂದೆ ಅದನ್ನು ಗೇಲಿ ಮಾಡಿ ಲಿಫ್ಟ್ ಹತ್ತಿದ. ಲಿಫ್ಟ್ ಕೆಳಗೆ ಬಿತ್ತು. ಆತ ಮಾತ್ರ ಸಿಗಲೇ ಇಲ್ಲ. 1912ರಲ್ಲಿ ಎಂಡಿಕಾಟ್ ಮಗಳು ಬೀಟ್ರಿಸ್ ಅದೇ ಪಾಳು ಹೋಟೆಲನ್ನು ಉಳಿಸುತ್ತೇನೆ ಎಂದು ಜನರನ್ನು ಒಳಗೆ ಬಿಡುತ್ತಾಳೆ. ನಾವು ಟಿಕೆಟ್ ತಗೊಂಡು ಹೋಗೋ "ಟೂರ್" ಅದೇ.

ಈಗ ನಿಮ್ಮ ಪ್ರಶ್ನೆ. ಪಾರ್ಕಿನ ಕಥೆಯಲ್ಲಿ ರೂಸ್‌ವೆಲ್ಟ್ ಈ ಸಂಘದ ಸದಸ್ಯ ಎಂದು ನಾನು ಎಲ್ಲೂ ನೋಡಿಲ್ಲ. ಅಭಿಮಾನಿಗಳು ಎಳೆದು ತಂದು ಸೇರಿಸುತ್ತಾರೆ, ಅಷ್ಟೇ.

ಹಳೇ ಪೇಪರ್
ಅಭಿಮಾನಿಗಳು ಸುಮ್ನೆ ಎಳೆದು ತಂದಿಲ್ಲ ಸರ್. ತಾರೀಖು ನೋಡಿ. ಹೈಟವರ್ ಕಾಣೆಯಾದ ರಾತ್ರಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಯಾರು? ಇದೇ ಥಿಯೋಡರ್ ರೂಸ್‌ವೆಲ್ಟ್. 1899, 1900 ಎರಡೂ ವರ್ಷ ಆ ಕುರ್ಚಿಯಲ್ಲಿದ್ದರು. ಅದಕ್ಕೂ ಮುಂಚೆ 1895ರಿಂದ 97ರವರೆಗೆ ನ್ಯೂಯಾರ್ಕ್ ನಗರದ ಪೊಲೀಸ್ ಕಮಿಷನರ್. ರಾತ್ರಿ ಹೊತ್ತು ತಾವೇ ಬೀದಿ ಸುತ್ತಿ, ಡ್ಯೂಟಿಯಲ್ಲಿ ನಿದ್ದೆ ಹೊಡೆಯುವ ಪೇದೆಗಳನ್ನು ಹಿಡಿಯುತ್ತಿದ್ದ ಮನುಷ್ಯ. ಇಂಥವರ ಊರಿನಲ್ಲಿ ಒಬ್ಬ ಕೋಟ್ಯಧಿಪತಿ ಲಿಫ್ಟ್‌ನಿಂದ ಮಾಯವಾದರೆ ಕಥೆ ಎಲ್ಲಿಂದ ಎಲ್ಲಿಗೆ ಹೋಗಬೇಕಿತ್ತು!

ಸುಬ್ಬಿ
ಗವರ್ನರ್ ಬಂದು ಲಿಫ್ಟ್ ಕೇಸ್ ನೋಡುತ್ತಾರಾ? ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಎರಡು ವಾರದಿಂದ ಕೆಟ್ಟು ನಿಂತಿದೆ, ಸೆಕ್ರೆಟರಿಯೇ ಬಂದಿಲ್ಲ.

ಹಳೇ ಪೇಪರ್
😂 ನಿಮ್ಮ ಲಿಫ್ಟಿಗೆ ಮೂರ್ತಿ ಯಾರೂ ತಂದಿಲ್ಲ ತಾನೇ?

ಇರಲಿ. 1912 ಅಂದರಲ್ಲ ಚಿಬಾ ಸರ್, ಆ ವರ್ಷವೇ ರೂಸ್‌ವೆಲ್ಟ್ ಬದುಕಿನ ಅತಿ ದೊಡ್ಡ ನಾಟಕದ ವರ್ಷ. ಅಧ್ಯಕ್ಷಗಿರಿ ಬಿಟ್ಟು ಮೂರು ವರ್ಷ ಆಗಿತ್ತು. ತಾವೇ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ್ದ ಟಾಫ್ಟ್ ಮೇಲೆ ಸಿಟ್ಟು ಬಂತು. ಪಕ್ಷ ಟಿಕೆಟ್ ಕೊಡಲಿಲ್ಲ. ಹೊಸ ಪಕ್ಷ ಕಟ್ಟಿ ನಿಂತೇಬಿಟ್ಟರು. (ಈ ಕಥೆ ನಮಗೇನು ಹೊಸದಲ್ಲ ಬಿಡಿ, ಪ್ರತಿ ಚುನಾವಣೆಯಲ್ಲೂ ನೋಡುತ್ತೇವೆ.) 14 ಅಕ್ಟೋಬರ್ 1912ರಂದು ಮಿಲ್ವಾಕಿಯಲ್ಲಿ ಭಾಷಣಕ್ಕೆ ಹೊರಟಾಗ ಒಬ್ಬ ಎದೆಗೆ ಗುಂಡು ಹೊಡೆದ. ಜೇಬಿನಲ್ಲಿ ಮಡಚಿಟ್ಟಿದ್ದ 50 ಪುಟದ ಭಾಷಣ, ಕನ್ನಡಕದ ಡಬ್ಬಿ, ಇವೆರಡನ್ನೂ ತೂರಿಕೊಂಡು ಗುಂಡು ಎದೆಗೆ ಹೋಯಿತು, ಆದರೆ ವೇಗ ತಗ್ಗಿತ್ತು. ಆಸ್ಪತ್ರೆಗೆ ಹೋಗಲಿಲ್ಲ. ರಕ್ತ ಸುರಿಯುತ್ತಿದ್ದ ಅಂಗಿಯಲ್ಲೇ ಒಂದು ಗಂಟೆಗೂ ಜಾಸ್ತಿ ಮಾತಾಡಿದರು! ಆ ಗುಂಡು ಸಾಯುವ ತನಕ ಎದೆಯಲ್ಲೇ ಇತ್ತು. ಚುನಾವಣೆ ಸೋತರು, ಆದರೆ ಟಾಫ್ಟ್ ಅವರನ್ನು ಮೂರನೇ ಜಾಗಕ್ಕೆ ತಳ್ಳಿದರು. ಗೆದ್ದದ್ದು ವಿಲ್ಸನ್.

ಇಂಥ ವರ್ಷದಲ್ಲಿ ಹಡಗಿನ ಬಾರ್‌ಗೆ ಅವರ ಹೆಸರು. ಯೋಚನೆ ಮಾಡಿ ಇಟ್ಟಿದ್ದಾರಾ, ಸುಮ್ನೆ ಇಟ್ಟಿದ್ದಾರಾ ಗೊತ್ತಿಲ್ಲ, ಕೂತಿದೆ ಮಾತ್ರ ಚೆನ್ನಾಗಿ.

ಬಜ್ಜಿಬೋಂಡ
ಗುಂಡು ಹಾಕಿದವರ ಹೆಸರು ಗೊತ್ತು, ಗುಂಡು ತಿಂದವರ ಹೆಸರಲ್ಲಿ ಬಾರ್ ಇರೋದು ಇದೇ ಮೊದಲು ಕೇಳಿದ್ದು.

ಉತ್ತರೆ
ಬಾರ್ ವಿಷಯ ಬಂತಲ್ಲ, ಇದರಲ್ಲಿ ಇನ್ನೊಂದು ತಮಾಷೆ ಇದೆ. ರೂಸ್‌ವೆಲ್ಟ್ ಕುಡುಕ ಎಂದು 1912ರ ಅಕ್ಟೋಬರ್‌ನಲ್ಲೇ ಮಿಶಿಗನ್ ರಾಜ್ಯದ ಒಬ್ಬ ಪತ್ರಿಕೆ ಸಂಪಾದಕ ಬರೆದುಬಿಟ್ಟ. ಇವರು ಮಾನನಷ್ಟದ ಕೇಸು ಹಾಕಿದರು. 1913ರ ಮೇ ತಿಂಗಳಲ್ಲಿ ಮಾರ್ಕೆಟ್ ಎಂಬ ಊರಿನ ಕೋರ್ಟಿನಲ್ಲಿ ವಿಚಾರಣೆ. ದೊಡ್ಡ ದೊಡ್ಡ ಮನುಷ್ಯರೆಲ್ಲ ಬಂದು ಈತ ಕುಡಿಯುವುದು ತೀರಾ ಕಡಿಮೆ ಎಂದು ಸಾಕ್ಷಿ ಹೇಳಿದರು. ಸಂಪಾದಕ ತಪ್ಪು ಒಪ್ಪಿಕೊಂಡ. ಪರಿಹಾರ ಎಷ್ಟು ಕೇಳಿ: 6 ಸೆಂಟ್! ಹೆಚ್ಚು ದುಡ್ಡು ಬೇಡ, ಹೆಸರು ಉಳಿದರೆ ಸಾಕು ಎಂದು ಅವರೇ ಹೇಳಿದ್ದು.

ಕುಡುಕನಲ್ಲ ಎಂದು ಕೋರ್ಟ್ ಮೆಟ್ಟಿಲು ಹತ್ತಿದ ಮನುಷ್ಯನ ಹೆಸರನ್ನು ನೂರು ವರ್ಷ ಆದಮೇಲೆ ಕಾಕ್‌ಟೇಲ್ ಮಾರೋ ಜಾಗಕ್ಕೆ ಇಟ್ಟಿದ್ದಾರೆ. ಅದೂ "ಟೆಡ್ಡಿ" ಎಂದು. ಆ ಹೆಸರು ಅವರಿಗೆ ಒಂಚೂರೂ ಇಷ್ಟ ಇರಲಿಲ್ಲ.

ಅಲೆಮಾರಿ ಅಪ್ಪ
@ಉತ್ತರೆ ಮೇಡಂ ಇದು ಸೂಪರ್. ಮೊದಲೇ ಗೊತ್ತಿದ್ದರೆ ಅಲ್ಲಿ ಕೂತು ಮನೆಯವರಿಗೆ ಹೇಳಿ ಶಭಾಷ್ ಅನ್ನಿಸ್ಕೋಬಹುದಿತ್ತು.

ಪ್ರಶ್ನೆಚಿಹ್ನೆ
ನೂರು ವರ್ಷ ಆಗಿಲ್ಲ ಮೇಡಂ. 1913 ಟು 2001, 88 ವರ್ಷ.

ಉತ್ತರೆ
ಸರಿ ಲೆಕ್ಕದ ಮೇಷ್ಟ್ರೇ, 88.

ಕರಡಿಮರಿ
ಎಲ್ಲರೂ ಮರೆತಿದ್ದೀರಿ, ಅಲ್ಲಿ ಟೆಡ್ಡಿ ಕರಡಿ ಇರೋದು ಯಾಕೆ? ರೂಸ್‌ವೆಲ್ಟ್ ಒಂದು ಕರಡಿ ಮರಿಯನ್ನು ಕೊಲ್ಲದೆ ಬಿಟ್ಟರು, ಅದಕ್ಕೇ ಗೊಂಬೆಗೆ ಟೆಡ್ಡಿ ಎಂದು ಹೆಸರು ಬಂತು. ಎಷ್ಟು ಒಳ್ಳೆ ಮನಸ್ಸು ಅಲ್ವಾ. ನನ್ನ ಡಿಪಿ ಕೂಡ ಅದೇ 🐻

ಹಳೇ ಪೇಪರ್
ಬೇಜಾರಾಗಬೇಡಿ, ಅರ್ಧ ಮಾತ್ರ ನಿಜ. ನಡೆದಿದ್ದು 1902ರ ನವೆಂಬರ್, ಮಿಸಿಸಿಪ್ಪಿ ಕಾಡು. ಬೇಟೆಗೆ ದಾರಿ ತೋರಿಸುತ್ತಿದ್ದವರು ಹೋಲ್ಟ್ ಕಾಲಿಯರ್ ಎಂಬ ಕಪ್ಪು ಜನಾಂಗದವರು. ಗುಲಾಮರಾಗಿ ಹುಟ್ಟಿ, ಆ ಸೀಮೆಗೇ ದೊಡ್ಡ ಕರಡಿ ಬೇಟೆಗಾರ ಎನಿಸಿಕೊಂಡವರು. ಅಧ್ಯಕ್ಷರಿಗೆ ಒಂದು ಬೇಟೆಯೂ ಸಿಕ್ಕಿರಲಿಲ್ಲ. ಕಾಲಿಯರ್ ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿ ಹಾಕಿದರು. ಅದು ಮರಿ ಅಲ್ಲ, ಬೆಳೆದ ಕರಡಿ, ನಾಯಿಗಳ ಜೊತೆ ಹೊಡೆದಾಡಿ ಗಾಯವಾಗಿತ್ತು. ಕಟ್ಟಿ ಹಾಕಿದ ಪ್ರಾಣಿಗೆ ಗುಂಡು ಹೊಡೆಯುವುದು ಬೇಟೆ ಅಲ್ಲ ಎಂದು ರೂಸ್‌ವೆಲ್ಟ್ ಹೊಡೆಯಲಿಲ್ಲ. ಅಲ್ಲಿಗೆ ನಿಜ. ಆದರೆ ಕರಡಿಯನ್ನು ಬಿಡಲಿಲ್ಲ. ನರಳುತ್ತಿದೆ, ಮುಗಿಸಿಬಿಡಿ ಎಂದರು. ಚೂರಿಯಿಂದ ಮುಗಿಸಿದರು.

ಬೆರಿಮನ್ ಎಂಬ ವ್ಯಂಗ್ಯಚಿತ್ರಕಾರ ಪತ್ರಿಕೆಯಲ್ಲಿ ಇದನ್ನು ಬರೆದ. ಬರಬರುತ್ತಾ ಅವನ ಚಿತ್ರಗಳಲ್ಲಿ ಕರಡಿ ಪುಟ್ಟದಾಗಿ ಮುದ್ದಾಗಿ ಆಗಿಹೋಯಿತು. ಬ್ರೂಕ್ಲಿನ್‌ನ ಮಿಚ್‌ಟಮ್ ದಂಪತಿ ಅದನ್ನು ನೋಡಿ ಗೊಂಬೆ ಹೊಲಿದು ಅಂಗಡಿಯಲ್ಲಿ ಇಟ್ಟರು.

ಕರಡಿಮರಿ
😭 ಡಿಪಿ ಚೇಂಜ್ ಮಾಡಬೇಕಾ ಈಗ

ಬಜ್ಜಿಬೋಂಡ
ಬೇಡ, ಯೂಸರ್‌ನೇಮ್ ಚೇಂಜ್ ಮಾಡಿ. "ಬೆಳೆದ ಕರಡಿ."

ಚಿಬಾ ಕನ್ನಡಿಗ
ಕರಡಿ ಮಾತು ಬಂದಿದ್ದಕ್ಕೆ ಒಂದು. ಆ ಹಡಗಿನಿಂದ ನಾಲ್ಕು ಹೆಜ್ಜೆ ನಡೆದರೆ ಕೇಪ್ ಕಾಡ್ ಎಂಬ ಮೀನುಗಾರರ ಹಳ್ಳಿ ಸಿಗುತ್ತದೆ. ಅಲ್ಲಿರೋದು ಡಫಿ. ಇವತ್ತು ಡಿಸ್ನಿಸೀಯ ಅಸಲಿ ದೊರೆ ಅಂದರೆ ಆ ಡಫಿ ಕರಡಿ. ಜಪಾನಿನ ಹುಡುಗಿಯರು ಅದಕ್ಕೆ ಬಟ್ಟೆ ಹೊಲಿಸಿ ಎತ್ತಿಕೊಂಡು ತಿರುಗುತ್ತಾರೆ, ಊಟದ ಟೇಬಲ್ ಮೇಲೆ ಕೂರಿಸಿ ಫೋಟೋ ತೆಗೆಯುತ್ತಾರೆ. ಒಂದೇ ಬಂದರಿನಲ್ಲಿ ಗೊಂಬೆ ಕರಡಿಗೆ ಕಾರಣವಾದ ಮನುಷ್ಯ ಒಂದು ಕಡೆ, ಗೊಂಬೆ ಕರಡಿ ಇನ್ನೊಂದು ಕಡೆ. ಲಾಂಜಿನಲ್ಲಿ ಸಂಜೆ ಹೊತ್ತು ನೋಡಬೇಕು, ಮೇಜಿನ ಮೇಲೆ ಗ್ಲಾಸು, ಪಕ್ಕದಲ್ಲಿ ಡಫಿ, ಹಿಂದೆ ಗೋಡೆಯಿಂದ ರೂಸ್‌ವೆಲ್ಟ್ ನೋಡುತ್ತಿರುತ್ತಾರೆ.

ಕಾಡುಹರಟೆ
ಎಲ್ಲರೂ ತಮಾಷೆ ಮಾಡುತ್ತಿದ್ದೀರಿ, ನಾನು ಸ್ವಲ್ಪ ಕೆರಳಿಸುತ್ತೇನೆ.

ಹೈಟವರ್ ಯಾರು ಗೊತ್ತಾ? ರೂಸ್‌ವೆಲ್ಟ್ ಅವರ ಇನ್ನೊಂದು ಮುಖ. ಅಷ್ಟೇ. ನೋಡಿ, ಅಧ್ಯಕ್ಷಗಿರಿ ಬಿಟ್ಟ ಕೂಡಲೇ 1909ರಲ್ಲಿ ಮಗ ಕರ್ಮಿಟ್‌ನನ್ನು ಕರೆದುಕೊಂಡು ಆಫ್ರಿಕಾಗೆ ಹೊರಟರು. ಮೊಂಬಾಸಾದಲ್ಲಿ ಇಳಿದು, ಕೊನೆಗೆ ಖಾರ್ಟೂಮ್ ತನಕ. ಸ್ಮಿತ್‌ಸೋನಿಯನ್ ಎಂಬ ಅಮೆರಿಕದ ಮ್ಯೂಸಿಯಂ ಸಂಸ್ಥೆಯ ಹೆಸರಿನಲ್ಲಿ ಒಟ್ಟು 11,000ಕ್ಕೂ ಜಾಸ್ತಿ ಪ್ರಾಣಿ ಮಾದರಿಗಳನ್ನು ತಂದರು. ಅಪ್ಪ ಮಗ ಇಬ್ಬರೇ ಹೊಡೆದದ್ದು 512. ಆನೆ, ಸಿಂಹ, ಘೇಂಡಾಮೃಗ, ಬಿಳಿ ಘೇಂಡಾಮೃಗ ಕೂಡ. ಇದೆಲ್ಲ ಆಗುವಾಗಲೇ "ಕಾಡು ಉಳಿಸಿದ ಅಧ್ಯಕ್ಷ" ಎಂಬ ಹೆಸರೂ ಇತ್ತು. ಉಳಿಸಿದ್ದು ಸುಳ್ಳಲ್ಲ, 23 ಕೋಟಿ ಎಕರೆಯಷ್ಟು ಸರ್ಕಾರಿ ಜಮೀನನ್ನು ಕಾಪಾಡಿದರು, 5 ರಾಷ್ಟ್ರೀಯ ಉದ್ಯಾನ ಮಾಡಿದರು. ಎರಡೂ ಒಬ್ಬನೇ ಮನುಷ್ಯ.

ಪಾರ್ಕಿನವರು ಏನು ಮಾಡಿದರು? ಈ ಮನುಷ್ಯನನ್ನು ಎರಡು ಭಾಗ ಮಾಡಿಬಿಟ್ಟರು. ಒಳ್ಳೆ ಭಾಗಕ್ಕೆ ನಿಜವಾದ ಹೆಸರಿಟ್ಟು, ಕರಡಿ ಗೊಂಬೆ ಕೊಟ್ಟು, ಹಡಗಿನ ಮೇಲೆ ಎಸಿಯಲ್ಲಿ ಕೂರಿಸಿದರು. ಕೆಟ್ಟ ಭಾಗಕ್ಕೆ, ಅಂದರೆ ಕಂಡಕಂಡಲ್ಲಿ ಹೋಗಿ ತನ್ನದು ಎಂದು ಹೊತ್ತು ತರುವ ಭಾಗಕ್ಕೆ, ಹೈಟವರ್ ಎಂದು ಸುಳ್ಳು ಹೆಸರಿಟ್ಟು ಲಿಫ್ಟಿನಿಂದ ಕೆಳಗೆ ಬೀಳಿಸಿದರು. ಪಾಪ ಎಲ್ಲ ಕಾಲ್ಪನಿಕ ವ್ಯಕ್ತಿಯ ತಲೆಗೆ!

ಪ್ರಶ್ನೆಚಿಹ್ನೆ
ಇದು ಜಾಸ್ತಿ ಆಯಿತು. ಹೈಟವರ್ ಮುಖ ನೋಡಿದ್ದೀರಾ? ಅದು ಜೋ ರೋಡಿ ಎಂಬ ಡಿಸ್ನಿ ವಿನ್ಯಾಸಕಾರರ ಮುಖ. ಫ್ಲೋರಿಡಾದ ಅನಿಮಲ್ ಕಿಂಗ್‌ಡಮ್ ಮಾಡಿದವರು. ಅದೇ ಮೀಸೆ, ಅದೇ ಗಡ್ಡ. ರೂಸ್‌ವೆಲ್ಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಕಾಡುಹರಟೆ
ಮುಖ ಯಾರದ್ದು ಎಂದು ನಾನು ಹೇಳಲಿಲ್ಲ. ಕೆಲಸ ಯಾರದ್ದು ಎಂದು ಹೇಳಿದೆ.

ಪ್ರಶ್ನೆಚಿಹ್ನೆ
ಕೆಲಸವೂ ಬೇರೆ. ರೂಸ್‌ವೆಲ್ಟ್ ತಂದದ್ದು ಮ್ಯೂಸಿಯಮ್ಮಿಗೆ. ಹೈಟವರ್ ತಂದದ್ದು ಸ್ವಂತ ಹೋಟೆಲಿಗೆ. ದೇವರ ಮೂರ್ತಿ ಕದಿಯುವುದೂ ಪ್ರಾಣಿ ಮಾದರಿ ಸಂಗ್ರಹಿಸುವುದೂ ಒಂದೇನಾ? ಆ ಕಾಲದ ವಿಜ್ಞಾನ ನಡೆದಿದ್ದೇ ಹಾಗೆ. ಚಿಕ್ಕಂದಿನಲ್ಲಿ ಉಬ್ಬಸದ ರೋಗಿ, ಮನೆಯಲ್ಲೇ ಸೀಲ್ ತಲೆಬುರುಡೆ ಇಟ್ಟುಕೊಂಡು ಸ್ವಂತ ಮ್ಯೂಸಿಯಂ ಮಾಡಿದ್ದ ಹುಡುಗ ಅದು. ಅಪ್ಪ ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕಟ್ಟಿದವರಲ್ಲಿ ಒಬ್ಬರು. ಶೋಕಿಗೆ ಗುಂಡು ಹೊಡೆದವರಲ್ಲ.

ಕಾಡುಹರಟೆ
ಅದೇ ಮ್ಯೂಸಿಯಂ ಮುಂದೆ ಇದ್ದ ಅವರ ಪ್ರತಿಮೆ 2022ರ ಜನವರಿಯಲ್ಲಿ ತೆಗೆದಿದ್ದು ಯಾಕೆ ಸ್ವಾಮಿ? ಇವರು ಕುದುರೆ ಮೇಲೆ, ಅಕ್ಕಪಕ್ಕ ಒಬ್ಬ ಆದಿವಾಸಿ, ಒಬ್ಬ ಆಫ್ರಿಕನ್ ನೆಲದ ಮೇಲೆ ನಡೀತಾ ಇರೋ ಹಾಗೆ. 1940ರಿಂದ ಅಲ್ಲೇ ನಿಂತಿತ್ತು. ಮ್ಯೂಸಿಯಮ್ಮಿನವರೇ ಬೇಡ ಎಂದರು.

ದೇವರಾಜ ಮಾರ್ಕೆಟ್
ಪ್ರಾಣಿ ವಿಷಯಕ್ಕೆ ಒಂದು ಅಡ್ಡ ಮಾತು. ನಮ್ಮ ಮೈಸೂರಿನವರಿಗೆ ಇದು ತೀರಾ ದೂರದ ಕಥೆ ಅಲ್ಲ. ವ್ಯಾನ್ ಇಂಗೆನ್ ಅವರ ಕಾರ್ಖಾನೆ ನೆನಪಿದೆಯಾ? ಸತ್ತ ಹುಲಿ ಚಿರತೆಗಳ ಚರ್ಮ ಹದ ಮಾಡಿ, ಒಳಗೆ ತುಂಬಿಸಿ ಜೀವ ಇರುವ ಹಾಗೆ ನಿಲ್ಲಿಸುತ್ತಿದ್ದರು. ಹೆಚ್ಚು ಕಡಿಮೆ ನೂರು ವರ್ಷ ನಡೆಯಿತು. ಮಹಾರಾಜರು, ಬ್ರಿಟಿಷ್ ಸಾಹೇಬರು, ಊರೂರಿನ ಶಿಕಾರಿಯವರು ಎಲ್ಲ ಗಿರಾಕಿಗಳೇ. ನನ್ನ ಅಜ್ಜನ ಸ್ನೇಹಿತರ ಮನೆಯ ಹಜಾರದಲ್ಲಿ ಒಂದು ಹುಲಿ ತಲೆ ಇತ್ತು. ಬಾಯಿ ತೆರೆದುಕೊಂಡೇ ಇರುತ್ತಿತ್ತು. ನಾನು ಅದರ ಕೆಳಗೆ ಕೂತು ಉಪ್ಪಿಟ್ಟು ತಿನ್ನುತ್ತಿರಲಿಲ್ಲ, ಅಡುಗೆ ಮನೆಗೆ ಓಡುತ್ತಿದ್ದೆ. ಆ ಮನೆಯ ಅಜ್ಜ ನೋಡಿದರೆ ಇರುವೆ ಸಾಲನ್ನೂ ದಾಟಿಕೊಂಡು ಹೋಗುವಷ್ಟು ಸಾಧು. ಹುಲಿ ಹೊಡೆದಿದ್ದೂ ಅವರೇ.

ಹಾಗಾಗಿ ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತದೆ ಅಂದಿದ್ದು ನನಗೆ ಸರಿ ಅನ್ನಿಸುತ್ತದೆ. ಪಾರ್ಕಿನವರಿಗೆ ಅದನ್ನು ಮೂರು ನಿಮಿಷದ ರೈಡ್‌ನಲ್ಲಿ ಹೇಳೋಕ್ಕಾಗಲ್ಲ.

ಸುಬ್ಬಿ
ಇದು ಚೆನ್ನಾಗಿ ಹೇಳಿದಿರಿ.

ಕೊಪ್ಪಳದ ಕುಳ್ಳ
ನಮ್ಮಲ್ಲೂ ಇಂಥ ಪಾರ್ಕ್ ಮಾಡಬೇಕು ರೀ. ರಾಜರು, ದಿವಾನರು, ಎಲ್ಲರದ್ದೂ ರೈಡ್. ಯಾರನ್ನು ಹಾಕಬಹುದು ಹೇಳ್ರಿ ನೋಡೋಣ.

ನಿರ್ವಾಹಕ
ಈ ದಾರಿಗೆ ಹೋಗಬೇಡಿ. ಹೋದ ಸಲ ಇದೇ ಪ್ರಶ್ನೆಗೆ 340 ಉತ್ತರ ಬಂದು ಚರ್ಚೆಗೆ ಬೀಗ ಹಾಕಬೇಕಾಯಿತು. ರೂಸ್‌ವೆಲ್ಟ್ ಬಗ್ಗೆ ಬರೆಯಿರಿ.

ಕೊಪ್ಪಳದ ಕುಳ್ಳ
ಆಯ್ತು ಆಯ್ತು. ಗೊಟಗೋಡಿ ರಾಕ್ ಗಾರ್ಡನ್ ಹೋಗಿದ್ದೀರಾ ಯಾರಾದರೂ? ಅಲ್ಲಿ ರಾಜರೂ ಇಲ್ಲ, ಜಗಳವೂ ಇಲ್ಲ. ರೊಟ್ಟಿ ಬಡಿಯುವ ಅವ್ವ, ಎತ್ತು, ಕುಸ್ತಿ ಆಡುವವರು. ನನಗೆ ಅದೇ ಸಾಕು.

ಚಿಬಾ ಕನ್ನಡಿಗ
"ಜಪಾನಿನಲ್ಲಿ ಯಾಕೆ" ಎಂಬ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ನಾನು ಒಂದು ಸಲ ನನ್ನ ಜೊತೆ ಕೆಲಸ ಮಾಡುವ ಹಿರಿಯ ಜಪಾನಿಯವರನ್ನು ಅದೇ ಲಾಂಜಿಗೆ ಕರೆದುಕೊಂಡು ಹೋಗಿದ್ದೆ. ಅವರು ಗೋಡೆ ನೋಡಿ, "ಇವರಿಂದ ನಮ್ಮವರು ಹಿಬಿಯಾ ಪಾರ್ಕಿನಲ್ಲಿ ಗಲಾಟೆ ಮಾಡಿದ್ದರು" ಎಂದರು. ನನಗೆ ಅರ್ಥ ಆಗಲಿಲ್ಲ. ಮನೆಗೆ ಬಂದು ಓದಿದೆ.

ರಷ್ಯಾ ಜಪಾನ್ ಯುದ್ಧ ನಡೆಯಿತಲ್ಲ, 1904-05. ಜಪಾನ್ ಗೆಲ್ಲುತ್ತಾ ಬಂದಿತ್ತು, ಆದರೆ ದುಡ್ಡೂ ಜನವೂ ಮುಗಿಯುತ್ತಾ ಬಂದಿತ್ತು. ರೂಸ್‌ವೆಲ್ಟ್ ನಡುವೆ ನಿಂತು ಎರಡೂ ಕಡೆಯವರನ್ನು ಅಮೆರಿಕದ ಪೋರ್ಟ್ಸ್‌ಮತ್‌ಗೆ ಕರೆಸಿ ಒಪ್ಪಂದ ಮಾಡಿಸಿದರು. ಸಹಿ ಬಿದ್ದಿದ್ದು 5 ಸೆಪ್ಟೆಂಬರ್ 1905. ಅದಕ್ಕೇ 1906ರ ನೊಬೆಲ್ ಶಾಂತಿ ಪ್ರಶಸ್ತಿ. ಆದರೆ ರಷ್ಯಾದಿಂದ ಜಪಾನಿಗೆ ಯುದ್ಧದ ಪರಿಹಾರ ಒಂದು ಕಾಸೂ ಸಿಗಲಿಲ್ಲ. ಟೋಕಿಯೋದ ಜನ ರೊಚ್ಚಿಗೆದ್ದರು. ಅದೇ ದಿನ ಹಿಬಿಯಾ ಪಾರ್ಕಿನಲ್ಲಿ ಶುರುವಾದ ಗಲಾಟೆ ಊರೆಲ್ಲ ಹಬ್ಬಿ, ಪೊಲೀಸ್ ಚೌಕಿಗಳು ಸುಟ್ಟುಹೋದವು. ಡಿಸ್ನಿಸೀ ಹುಟ್ಟುಹಬ್ಬ ಸೆಪ್ಟೆಂಬರ್ 4, ಗಲಾಟೆ ನಡೆದದ್ದು ಸೆಪ್ಟೆಂಬರ್ 5. ಕಾಕತಾಳೀಯ, ಅಷ್ಟೇ, ಮತ್ತೆ ಯಾರೂ ಇದನ್ನು ಕಥೆಗೆ ಸೇರಿಸಬೇಡಿ.

ಇನ್ನೂ ಇದೆ. 1904ರಲ್ಲಿ ಯಮಾಶಿತಾ ಎಂಬ ಗುರುವನ್ನು ಶ್ವೇತಭವನಕ್ಕೆ ಕರೆಸಿ ಜೂಡೋ ಕಲಿತರು. 1907ರ ಹೊತ್ತಿಗೆ ಜಪಾನಿ ಕೂಲಿಗಳು ಅಮೆರಿಕಕ್ಕೆ ಬರದಂತೆ ಸದ್ದಿಲ್ಲದೆ ಒಪ್ಪಂದ ಮಾಡಿಕೊಂಡರು. 1908ರ ಅಕ್ಟೋಬರಿನಲ್ಲಿ ಅವರೇ ಲೋಕ ಸುತ್ತಲು ಕಳಿಸಿದ್ದ 16 ಬಿಳಿ ಯುದ್ಧನೌಕೆಗಳು ಯೊಕೊಹಾಮಾಗೆ ಬಂದವು. ಯೊಕೊಹಾಮಾ ಅಂದರೆ ಇದೇ ಟೋಕಿಯೋ ಕೊಲ್ಲಿ. ಕೊಲಂಬಿಯಾ ಹಡಗು ನಿಂತಿರುವುದೂ ಇದೇ ಕೊಲ್ಲಿಯ ದಡದಲ್ಲಿ. ಅದು ಹಡಗಿನ ಆಕಾರದ ಕಟ್ಟಡ, ಎಲ್ಲಿಗೂ ಹೋಗಲ್ಲ, ಆದರೂ ನನಗೆ ಅಲ್ಲಿ ಕೂತಾಗ ಇದು ನೆನಪಾಗುತ್ತದೆ.

ಹಳೇ ಪೇಪರ್
ಚಿಬಾ ಸರ್, ಇಷ್ಟು ಒಳ್ಳೆ ಮಾಹಿತಿಯನ್ನು ಇಷ್ಟು ಹೊತ್ತು ಜೇಬಿನಲ್ಲಿ ಇಟ್ಟುಕೊಂಡು ಡಫಿ ಕಥೆ ಹೇಳ್ತಾ ಇದ್ದಿರಾ?

ಚಿಬಾ ಕನ್ನಡಿಗ
ಆಫೀಸಿನಿಂದ ಬರೆಯುತ್ತಿದ್ದೆ ಮಾರಾಯರೇ. ಮ್ಯಾನೇಜರ್ ಹಿಂದೆ ನಿಂತಿದ್ದರು.

ಉತ್ತರೆ
ಫ್ಲೋರಿಡಾದ ಡಿಸ್ನಿಯಲ್ಲಿ ರೂಸ್‌ವೆಲ್ಟ್ ಇನ್ನೂ ಎರಡು ಕಡೆ ಇದ್ದಾರೆ. ಹಾಲ್ ಆಫ್ ಪ್ರೆಸಿಡೆಂಟ್ಸ್‌ನಲ್ಲಿ ಎಲ್ಲ ಅಧ್ಯಕ್ಷರ ಯಂತ್ರದ ಗೊಂಬೆಗಳ ಸಾಲಿನಲ್ಲಿ ಒಬ್ಬರು. ಎಪ್ಕಾಟ್ ಪಾರ್ಕಿನ ಅಮೆರಿಕನ್ ಅಡ್ವೆಂಚರ್ ಶೋನಲ್ಲಿ, ಕಾಡು ಉಳಿಸಲು ಹೋರಾಡಿದ ಜಾನ್ ಮ್ಯೂರ್ ಜೊತೆ ಯೊಸೆಮಿಟಿ ಕಣಿವೆಯಲ್ಲಿ ಮಾತಾಡುತ್ತಾರೆ. ಅದು 1903ರ ನಿಜವಾದ ಘಟನೆ, ಇಬ್ಬರೂ ಬಯಲಲ್ಲಿ ಮಲಗಿದ್ದರು, ಬೆಳಗಾದಾಗ ಹೊದಿಕೆ ಮೇಲೆ ಹಿಮ ಬಿದ್ದಿತ್ತು. ಅಲ್ಲಿ ಪಾಠ ಹೇಳುವ ರೂಸ್‌ವೆಲ್ಟ್, ಜಪಾನಿನಲ್ಲಿ ಬಾಯಿ ಬಿಡದ ರೂಸ್‌ವೆಲ್ಟ್. ನನಗೆ ಜಪಾನಿನದ್ದೇ ಇಷ್ಟ. ಕಥೆ ಕಟ್ಟಿಕೊಳ್ಳೋಕೆ ನಮಗೂ ಸ್ವಲ್ಪ ಜಾಗ ಬಿಟ್ಟಿದ್ದಾರೆ.

ನನ್ನ ದೂರು ಬೇರೆ. ಎಸ್‌ಇಎ ಕಥೆಗಳಿಗೆ ನಿಜವಾದ ಸಾಹಸ ಬೇಕಿದ್ದರೆ ರೂಸ್‌ವೆಲ್ಟ್ ಅವರ ಬ್ರೆಜಿಲ್ ಪ್ರವಾಸ ಇತ್ತಲ್ಲ. 1914, ಚುನಾವಣೆ ಸೋತ ಮೇಲೆ. ಅವರು ದೋಣಿಯಲ್ಲಿ ಹೋದ ನದಿಗೆ "ಸಂಶಯದ ನದಿ" ಅಂತಲೇ ಹೆಸರು, ಎಲ್ಲಿ ಹೋಗಿ ಸೇರುತ್ತದೆ ಎಂದು ನಕ್ಷೆ ಮಾಡಿದವರಿಗೇ ಗೊತ್ತಿರಲಿಲ್ಲ. 22 ಜನ ದೋಣಿ ಹತ್ತಿದರು, 19 ಜನ ಹೊರಗೆ ಬಂದರು. ಒಬ್ಬ ಮುಳುಗಿದ, ಒಬ್ಬನ ಕೊಲೆ ಆಯಿತು, ಕೊಲೆ ಮಾಡಿದವನನ್ನು ಕಾಡಿನಲ್ಲೇ ಬಿಟ್ಟು ಬಂದರು. ರೂಸ್‌ವೆಲ್ಟ್‌ಗೆ ಕಾಲಿಗೆ ಗಾಯ, ಮಲೇರಿಯಾ ಜ್ವರ, ನನ್ನನ್ನು ಬಿಟ್ಟು ಹೋಗಿ ಎಂದರು. ಮಗ ಬಿಡಲಿಲ್ಲ. ಈ ಪ್ರವಾಸದ ನಿಜವಾದ ಯಜಮಾನ ಯಾರು? ಕ್ಯಾಂಡಿಡೋ ರೊಂಡೋನ್. ಬ್ರೆಜಿಲಿನ ಸೇನಾಧಿಕಾರಿ, ತಾಯಿಯ ಕಡೆಯಿಂದ ಆದಿವಾಸಿ ಮೂಲ, ಆ ಕಾಡಿನಲ್ಲಿ ತಂತಿ ಕಂಬ ನೆಟ್ಟವರು. ಆದಿವಾಸಿಗಳ ಮೇಲೆ ಗುಂಡು ಹಾರಿಸಬಾರದು ಎಂದು ತಮ್ಮ ಜನಕ್ಕೆ ಕಟ್ಟಪ್ಪಣೆ ಮಾಡಿದ್ದರು. ಇವತ್ತು ಬ್ರೆಜಿಲಿನ ಒಂದು ರಾಜ್ಯಕ್ಕೇ ಅವರ ಹೆಸರು, ರೊಂಡೋನಿಯಾ. ನದಿಗೆ ಮಾತ್ರ ರೂಸ್‌ವೆಲ್ಟ್ ಹೆಸರು.

ಕರಡಿ ಕಥೆಯಲ್ಲಿ ಹೋಲ್ಟ್ ಕಾಲಿಯರ್ ಮಾಯ. ನದಿ ಕಥೆಯಲ್ಲಿ ರೊಂಡೋನ್ ಮಾಯ. ಹೈಟವರ್ ಕಥೆಯಲ್ಲಾದರೂ ಸ್ಮೆಲ್ಡಿಂಗ್ ಎಂಬ ಆಳಿಗೆ ಹೆಸರು, ಮುಖ ಎರಡೂ ಇದೆ!

ಕಾಡುಹರಟೆ
ಇದಕ್ಕೆ ನನ್ನ ಪೂರ್ತಿ ವೋಟು.

ಪ್ರಶ್ನೆಚಿಹ್ನೆ
ರೊಂಡೋನ್ ವಿಷಯ ಒಪ್ಪಿದೆ. ಹೈಟವರ್ ವಿಷಯ ಈಗಲೂ ಒಪ್ಪಲ್ಲ. ಒಂದೇ ಊರಿನಲ್ಲಿ ಇಬ್ಬರು ಮೀಸೆಯವರು ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ಆಗುತ್ತಾರಾ?

ಹಳೇ ಪೇಪರ್
ಸದಸ್ಯರೋ ಅಲ್ಲವೋ ಎಂಬ ಮೂಲ ಪ್ರಶ್ನೆಗೆ ನನ್ನ ಊಹೆ ಹೇಳುತ್ತೇನೆ, ಇದು ಊಹೆ ಮಾತ್ರ. ಸಂಘದ ಕೋಟೆಯಲ್ಲಿ ಮೊದಲು ಲಿಯೊನಾರ್ಡೊ ಚಾಲೆಂಜ್ ಎಂಬ ಆಟ ನಡೆಸುತ್ತಿದ್ದರು, ಲಿಯೊನಾರ್ಡೊ ಡಾ ವಿಂಚಿ ಹೆಸರಿನಲ್ಲಿ. ಊಟದ ಜಾಗದ ಹೆಸರು ಮೆಗೆಲಾನ್ಸ್. ಅಂದರೆ ತೀರಾ ಹಳಬರಾದರೆ ನಿಜವಾದ ಜನರನ್ನೂ ಕಥೆಯೊಳಗೆ ಬಿಟ್ಟುಕೊಳ್ಳುತ್ತಾರೆ. ಯಾರಿಗೂ ಬೇಜಾರಾಗಲ್ಲ. ರೂಸ್‌ವೆಲ್ಟ್ ತೀರಿಕೊಂಡಿದ್ದು 1919ರಲ್ಲಿ. ಇನ್ನೂ ಹಸಿ. ಪ್ರತಿಮೆ ತೆಗೆಯುವಷ್ಟು ಹಸಿ. ಅದಕ್ಕೇ ಹೆಸರು ಇಟ್ಟರು, ಕಥೆ ಕೊಡಲಿಲ್ಲ.

ಸುಬ್ಬಿ
"ಹೆಸರು ಇಟ್ಟರು, ಕಥೆ ಕೊಡಲಿಲ್ಲ." ನಮ್ಮ ಊರಿನ ಅರ್ಧ ರಸ್ತೆಗಳೂ ಹೀಗೇ.

ಅಲೆಮಾರಿ ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಒಂದು ಚಿಕ್ಕ ಪ್ರಶ್ನೆಗೆ ಇಷ್ಟೆಲ್ಲ ಬರುತ್ತದೆ ಎಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಊಟ ಮಾಡುತ್ತಾ ಮಗಳಿಗೆ ಇದರಲ್ಲಿ ಸ್ವಲ್ಪ ಹೇಳಿದೆ. ಕರಡಿಯನ್ನು ಬಿಡಲಿಲ್ಲ ಅಂದಿದ್ದಕ್ಕೆ ತಟ್ಟೆಯಿಂದ ತಲೆ ಎತ್ತಿ ನೋಡಿದಳು. 512 ಅಂದಿದ್ದಕ್ಕೆ ಊಟ ನಿಲ್ಲಿಸಿದಳು. ಆಮೇಲೆ, "ಹಾಗಾದರೆ ಆ ಮೂರ್ತಿ ಹಡಗಿಗೂ ಹೋಗಬೇಕಿತ್ತು" ಎಂದಳು. ನನ್ನ ಹೆಂಡತಿ, ಮಲಗೋ ಹೊತ್ತಿನಲ್ಲಿ ಇದೆಲ್ಲ ಯಾಕೆ ಹೇಳ್ತೀರಿ ಎಂದು ನನ್ನ ಮೇಲೆ ಹರಿಹಾಯ್ದಳು.

ಕಾಡುಹರಟೆ
ಮಗಳನ್ನು ನನ್ನ ಪಾರ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆಚಿಹ್ನೆ
ವಯಸ್ಸಾಗಿಲ್ಲ, ವೋಟು ಲೆಕ್ಕಕ್ಕಿಲ್ಲ.

ರಜೆ ಬೇಕು
ಪೂರ್ತಿ ಓದಿದೆ. ನಾವು ಏಪ್ರಿಲ್‌ನಲ್ಲಿ ಹೋಗುತ್ತಿದ್ದೇವೆ, ಬೆಂಗಳೂರಿನಿಂದ ನರಿತಾಗೆ ನೇರ ವಿಮಾನ. ಆ ಲಾಂಜಿನಲ್ಲಿ ವೆಜ್ ಏನಾದರೂ ಸಿಗುತ್ತಾ? ಅತ್ತೆ ಬರುತ್ತಿದ್ದಾರೆ, ಮೊಟ್ಟೆಯೂ ತಿನ್ನಲ್ಲ.

ಚಿಬಾ ಕನ್ನಡಿಗ
ಸ್ಯಾಂಡ್‌ವಿಚ್ ಒಳಗೆ ಮಾಂಸ ಇರುತ್ತದೆ. ಅತ್ತೆಗೆ ಚಪಾತಿ ಕಟ್ಟಿಕೊಂಡು ಹೋಗಿ, ಆದರೆ ಪಾರ್ಕಿನ ಒಳಗೆ ಕೂತು ತಿನ್ನೋಕೆ ಬಿಡಲ್ಲ. ಗೇಟಿನ ಹೊರಗೆ ಬೆಂಚು ಹಾಕಿದ್ದಾರೆ, ಅಲ್ಲಿ ತಿನ್ನಿಸಿ. ಬ್ಯಾಗ್ ಚೆಕ್ ಮಾಡುವಾಗ ಉಪ್ಪಿನಕಾಯಿ ಬಾಟಲಿ ಇಲ್ಲದ ಹಾಗೆ ನೋಡಿಕೊಳ್ಳಿ, ನಾನು ಒಂದು ಸಲ ಸಿಕ್ಕಿಹಾಕಿಕೊಂಡಿದ್ದೆ.